ಒಂದೂವರೆ ಅಡಿ ಇಳಿದ ಚೇಂಬರ್

ನಾಸಿಕ್ ರೋಡಿನ ಬಿಂದುಮಾಧವರ ಡಿಸೈನ್ ಆಫೀಸಿನಲ್ಲಿ ನೀರು ಬಹಳ ವರ್ಷ ವಿಧೇಯವಾಗಿತ್ತು. ನಕ್ಷೆಯಲ್ಲಿ ಗೆರೆ ಎಳೆದು, ಪಕ್ಕಕ್ಕೊಂದು ಬಾಣ ಹಾಕಿ, ಇಳಿಜಾರು ನೂರಕ್ಕೆ ಒಂದು ಎಂದು ಬರೆದರೆ ಮುಗಿಯಿತು, ನೀರು ಬಾಣ ತೋರಿದತ್ತ ಹೋಗಬೇಕು. ಹೋಗದಿದ್ದರೆ ತಪ್ಪು ಪ್ಲಂಬರನದು.

2012ರಲ್ಲಿ ಯಜಮಾನರು ಪುಣೆಯವರನ್ನು ನೋಡಿ ಹೊಸ ಸಾಫ್ಟ್‌ವೇರ್ ತಂದರು. ಅದರಲ್ಲಿ ಕಟ್ಟಡವನ್ನು ಕಂಪ್ಯೂಟರಿನೊಳಗೆ ಪೂರ್ತಿ ಕಟ್ಟಿ ತೋರಿಸಬೇಕು. ಪ್ರತಿ ಪೈಪಿಗೂ ನಿಜವಾದ ಎತ್ತರ ಕೊಡಬೇಕು. ಪೈಪು ಕೂಡದಿದ್ದರೆ ಪರದೆಯ ಮೇಲೆ ಎಚ್ಚರಿಕೆ ಬೀಳುತ್ತಿತ್ತು. ಬಿಜಾಪುರದ ಮರ್ಯಾದಸ್ಥ ಮನೆತನದ ಬಿಂದುಮಾಧವರಿಗೆ ಎಚ್ಚರಿಕೆ ಎಂದರೆ ಪರಮ ಅವಮಾನ. ನಮ್ಮಲ್ಲಿ ವಾರ್ನಿಂಗ್ ಸೊನ್ನೆ ಎಂದು ಗೋಡೆಗೆ ಬರೆಸಿದರು. ಪೈಪು ಸರಿ ಇರಬೇಕೆಂದು ಮಾತ್ರ ಎಲ್ಲೂ ಬರೆಸಲಿಲ್ಲ.

ಶ್ರೀವಿದ್ಯಾ ಅಲ್ಲಿ ಟ್ರೇನಿ. ಅಪ್ಪ ಗದಗದಿಂದ ಬಂದು ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆದವರು. ಅವಳು ಬಿಡಿಸಿದ ನಕ್ಷೆಗಳೆಲ್ಲ ಈವರೆಗೆ ಸೀನಿಯರ್ ಮನೋಜನ ಹೆಸರಿನಲ್ಲಿ ಹೊರಬಿದ್ದಿದ್ದವು. ಹಾಳೆಯ ಬಲಮೂಲೆಯಲ್ಲಿ 'ರಚಿಸಿದವರು' ಎಂಬ ಪುಟ್ಟ ಚೌಕವಿತ್ತು. ಅದರಲ್ಲಿ ತನ್ನ ಹೆಸರು ಬರಬೇಕೆಂಬುದು ಅವಳ ಆಸೆ. ಸಣ್ಣ ಆಸೆಯೇನಲ್ಲ. ಆ ಚೌಕದಲ್ಲಿ ಹೆಸರಿದ್ದವರು ಎಂಜಿನಿಯರು, ಇಲ್ಲದವರು ಮೌಸ್ ಹಿಡಿದ ಕೈ ಅಷ್ಟೆ. ವಾಳೂಜಿನ ಕಾರ್ಮಿಕರ ಹಾಸ್ಟೆಲ್ ಕೆಲಸ ಬಂದಾಗ ಬಿಂದುಮಾಧವರು ಮಾತು ಕೊಟ್ಟರು: ಒಳಚರಂಡಿಯ ಮಾಡೆಲ್ ಮುಗಿಸಿದರೆ ಈ ಸಲ ಹೆಸರು ಅವಳದೇ.

ಮಾಡೆಲ್ ಮುಗಿಯಲಿಲ್ಲ. ಕೊನೆಯ ಪೈಪು ಹೊರಗಿನ ಚೇಂಬರಿಗೆ, ಅಂದರೆ ಹೊಲಸು ನೀರು ಸೇರುವ ಗುಂಡಿಗೆ, ಕೂಡಲೊಲ್ಲದು. ಎಳೆದರೆ ಎಚ್ಚರಿಕೆ, ಅಳಿಸಿ ಎಳೆದರೂ ಎಚ್ಚರಿಕೆ.

ಆಫೀಸೆಲ್ಲ ಚಿಕಿತ್ಸೆಗೆ ನಿಂತಿತು. ಮನೋಜ ಕಂಪ್ಯೂಟರನ್ನು ಆರಿಸಿ ಹಚ್ಚಿದ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಪುಣೆಯ ಪರಿಣತನೊಬ್ಬ ಫೋನಿನಲ್ಲೇ ನಾಡಿ ನೋಡಿ, ನಿಮ್ಮ ವರ್ಶನ್ ಹಳೆಯದು ಎಂದ. ಕಡೆಗೆ ಮನೋಜನೇ ಮೂಲಕಾರಣ ಪತ್ತೆಹಚ್ಚಿದ. ಖಂಡೇನವಮಿಯ ದಿನ ಈ ಕಂಪ್ಯೂಟರ್ ರಿಪೇರಿಗೆ ಹೋಗಿತ್ತು, ಇದಕ್ಕೊಂದಕ್ಕೆ ಆಯುಧಪೂಜೆಯೇ ಆಗಿರಲಿಲ್ಲ. ಬಿಂದುಮಾಧವರು ತಡಮಾಡದೆ ತೆಂಗಿನಕಾಯಿ ತರಿಸಿ ಒಡೆದರು, ಕೀಬೋರ್ಡಿಗೆ ಕುಂಕುಮ ಹಚ್ಚಿದರು. ಎಚ್ಚರಿಕೆ ಕದಲಲಿಲ್ಲ.

ಶ್ರೀವಿದ್ಯಾ ಅಷ್ಟರಲ್ಲಿ ಪರದೆಯ ಮೇಲೆ ಕಟ್ಟಡವನ್ನು ಅಡ್ಡಕ್ಕೆ ಸೀಳಿ ನೋಡಿದ್ದಳು. ಹಾಸ್ಟೆಲ್ ಮಾಲೀಕರ ವಾಸ್ತುತಜ್ಞ ಶೌಚಾಲಯಗಳನ್ನೆಲ್ಲ ವಾಯವ್ಯ ಮೂಲೆಗೆ ಒಯ್ದಿದ್ದ. ಕೈಗಾರಿಕಾ ಎಸ್ಟೇಟಿನ ಚೇಂಬರ್ ಇದ್ದದ್ದು ಆಗ್ನೇಯದಲ್ಲಿ. ಅಷ್ಟು ದೂರ ಇಳಿಯುತ್ತ ಹೋದ ಪೈಪು ಚೇಂಬರಿನ ತಳಕ್ಕಿಂತ ಒಂದೂವರೆ ಅಡಿ ಕೆಳಗೆ ಮುಟ್ಟುತ್ತಿತ್ತು. ಸಾಫ್ಟ್‌ವೇರಿಗೆ ಯಾವ ರೋಗವೂ ಇರಲಿಲ್ಲ, ರೋಗ ಕಟ್ಟಡದ್ದು. ಶೌಚಾಲಯ ಸರಿಸಬೇಕಾಗುತ್ತದೆ ಎಂದು ಅವಳು ಹೇಳಿದಳು.

ವಾಸ್ತು ಬದಲಿಸಿ ಎಂದು ಮಾಲೀಕರ ಮುಂದೆ ಬಾಯಿ ಬಿಡುವವರು ಯಾರು? ಬಿಂದುಮಾಧವರು ಅವಳ ಹಿಂದೆ ನಿಂತು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಚೇಂಬರಿಗೆ ಲೆವೆಲ್ ಕೊಟ್ಟಾಕಿ ನೀನ ಅಲ್ಲೇನವಾ? ಒಂದೂವರಿ ಅಡಿ ಕೆಳಗ ಇಳಸು. ನಿನ್ನ ಹೆಸರ ಹಾಕು, ಪ್ರಿಂಟ್ ತಗಿ."

ಅದು ಸರ್ವೇ ಮಾಡಿ ತಂದ ಎತ್ತರ, ಚೇಂಬರ್ ನೆಲದಲ್ಲಿ ಹುಗಿದು ಎಷ್ಟೋ ವರ್ಷವಾಗಿದೆ ಎಂದಳು. ಸೈಟಿನಲ್ಲಿ ಏನಾದರೂ ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ ಎಂದರು. ಭೂಮಿಯೂ ಅಡ್ಜಸ್ಟ್ ಮಾಡಿಕೊಳ್ಳುವ ಪೈಕಿ ಎಂದು ಅವರು ತಿಳಿದಂತಿತ್ತು.

ಅವಳು ಇಳಿಸಿದಳು. ಪೈಪು ಮುದ್ದಾಗಿ ಹೋಗಿ ಕೂಡಿಕೊಂಡಿತು, ಎಚ್ಚರಿಕೆ ಮಾಯವಾಯಿತು. ಚೌಕದಲ್ಲಿ ತನ್ನ ಹೆಸರು ಟೈಪು ಮಾಡಿದಳು. ಎಷ್ಟು ದಿನದಿಂದ ಕಾದಿದ್ದ ಹೆಸರು! ಆದರೆ ಹಾಸ್ಟೆಲಿನ ಹೊಲಸೆಲ್ಲ ಹಿಂದಕ್ಕೆ ಉಕ್ಕಿದ ದಿನ ಜನ ಹುಡುಕುವ ಹೆಸರೂ ಇದೇ. ಎಲ್ಲವನ್ನೂ ಮೊದಲಿದ್ದಂತೆ ಮಾಡಿ ಎದ್ದು ಯಜಮಾನರ ಬಳಿ ಹೋದಳು.

"ಇಳಸ್ತೀನ್ರಿ ಸರ್. ಆದ್ರ ನಿಮ್ಮ ಮಾತಿನ ಮ್ಯಾಲೆ ಇಳಿಸೇವಿ ಅಂತ ಹಾಳಿ ಮ್ಯಾಲೆ ಬರೀತೀನ್ರಿ. ನೀವು ಸಹಿ ಮಾಡ್ರಿ."

ಬಿಂದುಮಾಧವರಿಗೆ ತಟ್ಟನೆ ಭೂಮಿಯ ಮೇಲೆ ಗೌರವ ಮೂಡಿತು. ಸಹಿ ಹಾಕದೆ ಕೆಲಸವನ್ನು ಮನೋಜನಿಗೆ ಕೊಟ್ಟರು. ಮನೋಜನಿಗೆ ಅದೇ ಗಳಿಗೆಯಲ್ಲಿ ಯೇವಲಾದ ಅಜ್ಜಿಯ ಕಾಯಿಲೆ ನೆನಪಾಯಿತು. ಪೈಠಣಿ ಸೀರೆಯ ಮಗ್ಗದ ಮುಂದೆ ಇನ್ನೂ ಗಟ್ಟಿಯಾಗಿ ಕೂರುತ್ತಿದ್ದ ಅಜ್ಜಿ ಅದು. ಇಡೀ ಆಫೀಸಿನಲ್ಲಿ ಆ ಚೌಕಕ್ಕೆ ಗಿರಾಕಿಯೇ ಸಿಗಲಿಲ್ಲ.

ಹೀಗಾಗಿ ಯಜಮಾನರು ಶ್ರೀವಿದ್ಯಾಳನ್ನು ಕರೆದುಕೊಂಡು ವಾಳೂಜಿಗೆ ಹೊರಟರು. ಔರಂಗಾಬಾದ್ ದಾರಿಯುದ್ದಕ್ಕೂ, ನೀನು ಬರಿ ಲ್ಯಾಪ್‌ಟಾಪ್ ತೆರೆ, ಮಾತು ನನಗೆ ಬಿಡು ಎಂದು ಕಲಿಸಿದರು. ಮಾಲೀಕರ ಮುಂದೆ ಮಾತ್ರ ಅವರೇ ಲ್ಯಾಪ್‌ಟಾಪ್ ತೆರೆದು ಅವಳತ್ತ ಸರಿಸಿದರು. ಅವಳೇ ಮರಾಠಿಯಲ್ಲಿ ವಿವರಿಸಿದಳು. ಮಾಲೀಕರು ಆಕಳಿಸಿದರು. ಕೆಲಸಗಾರರ ಕೋಣೆ, ಸ್ವಲ್ಪ ವಾಸನೆ ಬಂದರೆ ಸತ್ತುಹೋಗುತ್ತಾರೆಯೇ ಎಂದರು. ಅವಳಿಗೆ ಮೈ ಉರಿಯಿತು. ಆದರೂ ಸಮಾಧಾನದಿಂದ ಮಾಡೆಲ್ ತಿರುಗಿಸಿ, ನೀರು ಮೊದಲು ಉಕ್ಕುವುದು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾತ್‌ರೂಮಿನಲ್ಲಿ ಎಂದು ತೋರಿಸಿದಳು. ಅದು ನೆಲಮಹಡಿಯಲ್ಲಿ ಮಾಲೀಕರು ತಮಗಾಗಿ ಇಟ್ಟುಕೊಂಡಿದ್ದ ಕೋಣೆಯದು.

ವಾಸ್ತುತಜ್ಞನಿಗೆ ಫೋನು ಹೋಯಿತು. ಚಹಾ ಆರುವುದರೊಳಗೆ ಶಾಸ್ತ್ರದಲ್ಲಿ ಪರಿಹಾರ ಸಿಕ್ಕಿತು. ಒಂದು ತಾಮ್ರದ ಪಟ್ಟಿ ಹುಗಿದರೆ ಶೌಚಾಲಯ ಚೇಂಬರಿನ ಪಕ್ಕಕ್ಕೇ ಬರಬಹುದಂತೆ.

ಶ್ರೀವಿದ್ಯಾ ಹೊಸದಾಗಿ ಮಾಡೆಲ್ ಮಾಡಿದಳು. ಎಚ್ಚರಿಕೆ ಒಂದೂ ಇರಲಿಲ್ಲ. ಪ್ರಿಂಟು ಬಂದಾಗ ಚೌಕ ನೋಡಿದಳು. ರಚಿಸಿದವರು: ಮನೋಜ. ಪರಿಶೀಲಿಸಿದವರು: ಬಿಂದುಮಾಧವ. ತಪ್ಪಿದ್ದಾಗ ಯಾರಿಗೂ ಬೇಡವಾಗಿದ್ದ ಜಾಗ ಸರಿಯಾದ ಕೂಡಲೇ ತುಂಬಿಹೋಗಿತ್ತು. ಕೇಳಿದ್ದಕ್ಕೆ ಯಜಮಾನರು ಅಕ್ಕರೆಯಿಂದ, ಟ್ರೇನಿಯ ಹೆಸರು ಕಂಡರೆ ಮಾಲೀಕರಿಗೆ ಭರವಸೆ ಬರುವುದಿಲ್ಲ, ಮುಂದಿನ ಕೆಲಸಕ್ಕೆ ನೋಡೋಣ ಎಂದರು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಹಾಳೆಯನ್ನು ಮಡಿಸಿ ಮನೋಜನ ಮೇಜಿನ ಮೇಲಿಟ್ಟಳು.

ಅಗೆತ ಶುರುವಾದ ದಿನ ವಾಳೂಜಿನಿಂದ ಸೈಟ್ ಎಂಜಿನಿಯರನ ಫೋನು ಬಂತು. ಜೆಸಿಬಿ ನಿಂತಿದೆ, ತಿರುವಿನಲ್ಲಿ ಪೈಪು ಎಷ್ಟು ಆಳ, ಯಾಕೆ ಅಷ್ಟು, ಈಗಲೇ ಹೇಳಿ ಎಂದ. ಮನೋಜ ನಕ್ಷೆಯನ್ನು ತಲೆಕೆಳಗು ಮಾಡಿ ನೋಡಿ ಫೋನನ್ನು ಯಜಮಾನರಿಗೆ ಕೊಟ್ಟ. ಅವರು ಗಂಟಲು ಸರಿಪಡಿಸಿಕೊಂಡು ಅದನ್ನು ಶ್ರೀವಿದ್ಯಾಳತ್ತ ಚಾಚಿದರು. ಅವಳು ಕೈ ಮುಂದೆ ಮಾಡಲಿಲ್ಲ.

"ರಚಿಸಿದವರ ಹೆಸರ ಹಾಳಿ ಮ್ಯಾಲೆ ಐತಲ್ರಿ ಸರ್. ಅವರನ್ನ ಕೇಳಲಿಕ್ಕೆ ಹೇಳ್ರಿ."

ಫೋನಿನೊಳಗೆ ಜೆಸಿಬಿ ಗುರುಗುಡುತ್ತಲೇ ಇತ್ತು. ಬಿಂದುಮಾಧವರು ಅವಳನ್ನು ನೋಡಿದರು, ಮನೋಜನನ್ನು ನೋಡಿದರು. ಹತ್ತು ನಿಮಿಷದಲ್ಲಿ ಹೇಳುತ್ತೇವೆ ಎಂದು ಫೋನಿಟ್ಟು ತಾವೇ ಕೀಬೋರ್ಡಿಗೆ ಕೂತು ಅವಳ ಹೆಸರು ಟೈಪು ಮಾಡಿದರು. ಹಾಳೆ ಹೊರಬಂದ ಮೇಲೆ ಶ್ರೀವಿದ್ಯಾ ವಾಳೂಜಿಗೆ ಫೋನು ಹಚ್ಚಿ ಆಳ ಹೇಳಿದಳು. ಹೊಸ ಹಾಳೆಯಲ್ಲಿ ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ ಬಿಂದುಮಾಧವರು ಬರೆದಿದ್ದರು: ಸಾಫ್ಟ್‌ವೇರಿನ ದೋಷ ಸರಿಪಡಿಸಲಾಗಿದೆ.