ಕಪ್ಪು ಫೋಟೋಕ್ಕೆ ನೂರೈವತ್ತು ನಾಣ್ಯ

ಗಂಗಾವತಿಯಲ್ಲಿ ಖಲಂದರ ಸಾಹೇಬರ ಮೋಟಾರ್ ವೈಂಡಿಂಗ್ ಅಂಗಡಿಯನ್ನು ಈಗ ನಡೆಸುವವಳು ಅವರ ಮಗಳು ಗುಲ್ಶನ. ಸುಟ್ಟ ಪಂಪ್‌ಸೆಟ್ ಮೋಟಾರು ಬಂದರೆ, ಅದು ಯಾಕೆ ಸುಟ್ಟಿತೆಂದು ತಿಳಿಯುವತನಕ ಅವಳಿಗೆ ಊಟ ಸೇರುವುದಿಲ್ಲ. ಹಳೆಯ ತಂತಿ ಬಿಚ್ಚಿ ಹೊಸದು ಸುತ್ತುವುದನ್ನು ಮೊದಲಿಂದ ಕೊನೆಯವರೆಗೆ ಹೇಳಿಕೊಡುವ ವಿಡಿಯೋ ಮಾಡಿ, ಬ್ಲಾಕ್‌ಚೈನ್ ಮೇಲೆ ನಡೆಯುವ ಒಂದು ಜಾಲತಾಣಕ್ಕೆ ಹಾಕಿದಳು. ಅಲ್ಲಿ ಮಾಲೀಕರೆಂಬವರಿಲ್ಲ, ಜನ ಒತ್ತಿದ ಮತಕ್ಕೆ ತಕ್ಕಂತೆ ಆ ತಾಣದ್ದೇ ಡಿಜಿಟಲ್ ನಾಣ್ಯ ಸಿಗುತ್ತದೆ, ಅದನ್ನು ಮಾರಿ ಹಣ ಮಾಡಿಕೊಳ್ಳಬಹುದು ಎಂದು ಓದಿದ್ದಳು.

ವಾರದೊಳಗೆ ಮುನ್ನೂರ ನಲವತ್ತು ಮಂದಿ ಮತ ಒತ್ತಿದರು. ಸಿಕ್ಕಿದ್ದು ಎರಡು ನಾಣ್ಯ. ಅದರ ಕೆಳಗೇ ಸಾಣಾಪುರ ಕೆರೆಯ ಸೂರ್ಯಾಸ್ತದ ಫೋಟೋ ಒಂದಿತ್ತು. ಐದೇ ಮತ, ನೂರ ಅರವತ್ತು ನಾಣ್ಯ.

ಗುಲ್ಶನಳಿಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಯಿತು. ಆ ತಾಣದಲ್ಲಿ ಪ್ರತಿ ಮತವೂ ಎಲ್ಲರಿಗೂ ಕಾಣುವಂತೆ ದಾಖಲಾಗಿರುತ್ತದೆ. ಬಿಡುವಾದಾಗಲೆಲ್ಲ ಕೂತು ಅದನ್ನೇ ಕೆದಕಿದಳು. ಯಾರ ಬಳಿ ನಾಣ್ಯ ಹೆಚ್ಚೋ ಅವರ ಮತಕ್ಕೆ ತೂಕ ಹೆಚ್ಚು. ಫೋಟೋಕ್ಕೆ ಮತ ಹಾಕಿದ್ದ ಐವರೂ ದಿನಾ ತಮ್ಮತಮ್ಮಲ್ಲೇ ಹಾಕಿಕೊಳ್ಳುವವರು.

ಫೋಟೋ ಹಾಕಿದ್ದ ಸುಭಾಷ್ ಸಾಣಾಪುರದಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವವನು. ಭಾನುವಾರ ಸ್ಕೂಟಿ ಹತ್ತಿ ಅವನಲ್ಲಿಗೇ ಹೋದಳು.

"ಫೋಟೋ ಭಾಳ ಛಲೋ ಐತ್ರಿ. ಆ ಐದು ಮಂದಿ ನೋಡಿ ಏನಂದ್ರು?"

ಸುಭಾಷ್ ನಕ್ಕ. "ಅವ್ರು ಎಲ್ಲಿ ನೋಡ್ತಾರ್ರಿ ಮೇಡಂ? ಒಂದು ಸಾಫ್ಟ್‌ವೇರ್ ಐತಿ. ಅದರಾಗ ನಮ್ಮ ಹೆಸರಿನ ಪಟ್ಟಿ ಹಾಕೀವಿ. ಪಟ್ಟಿಯೊಳಗಿನವ್ರು ಏನು ಹಾಕಿದ್ರೂ ಮತ ತಾನ ಬೀಳ್ತೈತಿ."

"ಅಂದ್ರ ನನ್ನ ವಿಡಿಯೋ ನೋಡಿದ ಮುನ್ನೂರ ನಲವತ್ತು ಮಂದಿ ಹಗುರ, ನೋಡ್ಲಾರದ ಐದು ಮಂದಿ ಭಾರ?"

"ನಾವು ರೊಕ್ಕ ಕೊಟ್ಟು ನಾಣ್ಯ ಕೊಂಡೀವಲ್ರಿ. ತಾಣ ನಿಂತದ್ದು ನಮ್ಮಂಥವರಿಂದ." ಅವನ ಮಾತಿನಲ್ಲಿ ಕಪಟವಿರಲಿಲ್ಲ. "ಬೇಕಾದ್ರ ನಿಮ್ಮ ಹೆಸರೂ ಸೇರಿಸ್ತೀನಿ. ಬಂದದ್ದರಾಗ ಅರ್ಧ ನಮಗ."

"ಪೂರಾ ನೀವ ಇಟ್ಕೊಳ್ರಿ. ಒಂದ ದಿನಕ್ಕ ಸೇರಿಸ್ರಿ. ನನಗ ಏನೋ ನೋಡೂದೈತಿ."

ಅವನು ಹೆಸರು ಸೇರಿಸಿದ. ಅವಳು ಅಲ್ಲೇ ಕುಳಿತು, ಫೋನಿನ ಕ್ಯಾಮರಾ ಮೇಲೆ ಹೆಬ್ಬೆರಳಿಟ್ಟು ಫೋಟೋ ತೆಗೆದಳು. ಬರೀ ಕಪ್ಪು. ಅದನ್ನೇ ತಾಣಕ್ಕೆ ಹಾಕಿದಳು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದರ ಕೆಳಗೆ ನೂರೈವತ್ತು ನಾಣ್ಯ ಕಾಣಿಸಿತು.

ಸುಭಾಷ್‌ನ ನಗು ನಿಂತಿತು. ಫೋನನ್ನು ಹತ್ತಿರ ತಂದು, ದೂರ ಹಿಡಿದು ನೋಡಿದ.

"ಇದು ಬರೋಬ್ಬರಿ ಅಲ್ಲ ಬಿಡ್ರಿ," ಅಂದ ಮೆಲ್ಲಗೆ.

"ನಾ ಇದನ್ನ ಬರೀಲಾ?"

ಅವನು ಫೋನನ್ನು ಅವಳ ಕೈಗಿತ್ತು, "ನನ್ನ ಹೆಸರು ಬಿಟ್ಟು ಬರೀರಿ," ಅಂದ.

ಅವಳು ನಡೆದದ್ದನ್ನು ನಡೆದಂತೆ ಅದೇ ತಾಣದಲ್ಲಿ ಬರೆದಳು. ಆ ಕಪ್ಪು ಫೋಟೋವನ್ನೂ ಜೊತೆಗಿಟ್ಟಳು. ಸಾವಿರಾರು ಜನ ಓದಿದರು, ಜಗಳವಾಡಿದರು. ಕೊನೆಗೆ ಯಾರೋ, ಮತದ ತೂಕಕ್ಕೆ ಮಿತಿ ಹಾಕಬೇಕೆಂದು ತಾಣದ ಮುಂದೆ ಒಂದು ಪ್ರಸ್ತಾಪವಿಟ್ಟರು. ಅದಕ್ಕೂ ಮತದಾನ ನಡೆಯಿತು, ಅಲ್ಲಿಯೂ ನಾಣ್ಯಕ್ಕೇ ತೂಕ.

ಫಲಿತಾಂಶ ಬಂದ ಮಧ್ಯಾಹ್ನ ಸುಭಾಷ್ ಫೋನ್ ಮಾಡಿದ.

"ಸೋತ್ವಿ ಅಕ್ಕಾರ. ನನ್ನ ತೂಕ ಎಲ್ಲಾ 'ಹೌದು' ಕಡೆ ಹಾಕಿದ್ದೆ. ಆ ಐದೂ ಮಂದಿ ನನ್ನ ಹೆಸರು ಪಟ್ಟಿಯಿಂದ ತಗದಾರ."

ಗುಲ್ಶನ ಸುತ್ತುತ್ತಿದ್ದ ತಂತಿಯನ್ನು ಬದಿಗಿಟ್ಟಳು. ಆಮೇಲೆ ಕೇಳಿದಳು. "ತೂಕ ಇರ್ಲಿ. ತಲಿ ಎಣಿಸೀರೇನು?"

ಅವನು ಎಣಿಸಿರಲಿಲ್ಲ. ಫೋನ್ ಇಡದೆಯೇ ಅವಳು ದಾಖಲೆ ತೆರೆದಳು. ಹೌದು ಅಂದವರು ಎರಡು ಸಾವಿರದ ನೂರ ಮೂವತ್ತು. ಬೇಡ ಅಂದವರು ಹತ್ತೊಂಬತ್ತು. ಆ ಹತ್ತೊಂಬತ್ತರಲ್ಲಿ ಹನ್ನೊಂದು ಖಾತೆಗಳು ಒಂದೇ ದಿನ, ಒಂದೇ ತಾಸಿನಲ್ಲಿ ಹುಟ್ಟಿದ್ದವು.

"ಸುಭಾಷಣ್ಣಾ, ಹತ್ತೊಂಬತ್ತು ಮಂದಿನೂ ಇಲ್ರಿ ಇವ್ರು," ಅಂದಳು. ದನಿಯಲ್ಲಿ ಸೋಲಿನ ಸುಳಿವೇ ಇರಲಿಲ್ಲ. "ಹನ್ನೊಂದಕ್ಕೂ ಒಬ್ಬನೇ ಧಣಿ ಇದ್ದಂಗ ಐತಿ. ನೀವೂ ದಾಖಲೆ ತಗೀರಿ, ಕೂಡೇ ನೋಡೂಣು."

ಆ ಕಡೆ ಅವನು ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.