ಏನೂ ಮಾಡದವಳ ಕಾಲು

ನಾನು ಮಾಡಿಕೊಟ್ಟ ಕಾಲು ಹನ್ನೊಂದನೇ ದಿನ ಮುರಿಯಿತು, ಅದೂ ನನ್ನ ಕಣ್ಣೆದುರಿಗೇ.

ಕಿಕ್ಕೇರಿಯ ನಮ್ಮ ದೊಡ್ಡವ್ವ ಪುಟ್ಟಲಕ್ಷ್ಮಮ್ಮನ ಬಲಗಾಲು ಕಬ್ಬಿನ ಟ್ರಾಕ್ಟರಿನ ಚಕ್ರಕ್ಕೆ ಸಿಕ್ಕಿ ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಉಚಿತ ಕ್ಯಾಂಪಿನಲ್ಲಿ ಕೊಟ್ಟ ಕೃತಕ ಕಾಲು ಗುಂಡುಕಲ್ಲಿನಷ್ಟು ಭಾರವೆಂದು ಅಟ್ಟ ಸೇರಿತ್ತು. ನಾನು ಎಂಜಿನಿಯರು. ತ್ರೀಡಿ ಪ್ರಿಂಟರಿನಲ್ಲಿ ಪದರದ ಮೇಲೆ ಪದರ ಕೂರಿಸಿ ವಸ್ತು ಮಾಡುವುದೇ ನನ್ನ ಕಸುಬು. ಹಗುರವಾದ ಕಾಲು ನಾನೇ ಮಾಡಿಕೊಡುತ್ತೇನೆಂದು ಜಂಬದಿಂದ ಹೋದೆ.

ಕೆಲಸದ ಕ್ರಮ ಸರಳ. ದಪ್ಪ ಗಟ್ಟಿ ಕಾಲಿನ ಚಿತ್ರವೊಂದನ್ನು ಕಂಪ್ಯೂಟರಿಗೆ ಕೊಟ್ಟು, ಅದರ ಮೇಲೆ ಯಾವ ಕಡೆಯಿಂದ ಎಷ್ಟು ಭಾರ ಬೀಳುತ್ತದೆಂದು ಹೇಳಬೇಕು. ಭಾರ ಹೊರುವ ಜಾಗದಲ್ಲಿ ಅದು ಪ್ಲಾಸ್ಟಿಕ್ ಉಳಿಸುತ್ತದೆ, ಭಾರವೇ ಬೀಳದ ಜಾಗವನ್ನು ತಿಂದುಹಾಕುತ್ತದೆ. ಅದಕ್ಕೇ, ದಿನಾ ಏನೇನು ಕೆಲಸ ಮಾಡುತ್ತೀಯ ಎಂದು ದೊಡ್ಡವ್ವನನ್ನು ಕೇಳಿದೆ.

"ನಾನೇನ್ ಮಾಡೀನು ಮಗ? ಏನೂ ಇಲ್ಲ. ಮನೇಲೇ ಇರ್ತೀನಿ."

ಅವಳ ಗಂಡ ದಾಸಯ್ಯ ದೊಡ್ಡಪ್ಪನೂ ಹೌದೆಂದು ತಲೆಯಾಡಿಸಿದರು. ನಿಲ್ಲುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಎಂದು ಮೂರೇ ಬರೆದುಕೊಂಡೆ. ಕಂಪ್ಯೂಟರು ಅಷ್ಟನ್ನೇ ನಂಬಿ ಅರ್ಧಕ್ಕರ್ಧ ತಿಂದಿತು. ಪ್ರಿಂಟಾಗಿ ಬಂದ ಕಾಲು ಗೆದ್ದಲು ಹಿಡಿದ ಕೊಂಬೆಯ ಹಾಗೆ ತೂತುತೂತಾಗಿತ್ತು, ಆದರೆ ಎರಡು ಬೆರಳಲ್ಲಿ ಎತ್ತಬಹುದಿತ್ತು. ಅದನ್ನು ತೊಟ್ಟು ಬೀದಿಯವರೆಗೆ ನಡೆದ ದೊಡ್ಡವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು. ನಾನು ಬೀಗಿದೆ.

ಹನ್ನೊಂದನೇ ದಿನ ಬೆಳಗ್ಗೆ ನೋಡಲು ಹೋದರೆ ದೊಡ್ಡವ್ವ ಕೊಟ್ಟಿಗೆಯಲ್ಲಿದ್ದಳು. ಕುಕ್ಕರಗಾಲಲ್ಲಿ ಕೂತು, ಬಕೆಟ್ಟನ್ನು ತೊಡೆಗಳ ನಡುವೆ ಅವುಚಿಕೊಂಡು ಹಾಲು ಕರೆಯುತ್ತಿದ್ದಳು. ನನ್ನನ್ನು ಕಂಡು ಏಳಹೋದಳು. ಲಟಕ್ ಎಂದಿತು. ದೊಡ್ಡವ್ವ ಹಾಲಿನ ಸಮೇತ ಮಗುಚಿದಳು. ಬೆದರಿದ ಹಸು ಒದ್ದ ಒದೆ ಅವಳ ತಲೆಗೆ ಗೇಣಿನಲ್ಲಿ ತಪ್ಪಿತು. ದೊಡ್ಡಪ್ಪ ಓಡಿಬಂದು ಅವಳನ್ನು ಈಚೆಗೆಳೆದರು.

ಮುರಿದ ಕಾಲನ್ನು ಎತ್ತಿಕೊಂಡೆ. ಅದಕ್ಕೆ ಹಳೇ ಸೀರೆಯ ಚೂರು ಬಿಗಿಯಾಗಿ ಸುತ್ತಿತ್ತು. ಬಿಚ್ಚಿ ನೋಡಿದೆ. ಒಳಗೆ ಕೊಳೆ ಕೂತ ಬಿರುಕು. ನಾಲ್ಕನೇ ದಿನವೇ ಬಿಟ್ಟಿತ್ತಂತೆ. ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ನೀನು ಅಷ್ಟು ಕಷ್ಟಪಟ್ಟು ಮಾಡ್ಕೊಟ್ಟಿದ್ದೆ. ನಾನೇ ಏನೋ ತಪ್ಪು ಮಾಡ್ಬುಟ್ಟೆ ಅಂದ್ಕಂಡೆ ಕಣವ್ವ."

ನಾಚಿಕೆಯಿಂದ ಸತ್ತೆ. ರಜೆಯಲ್ಲೆಲ್ಲ ಇವಳು ಕರೆದ ನೊರೆಹಾಲು ಕುಡಿದು ಬೆಳೆದವಳು ನಾನು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿತ್ತೇ?

ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿ, ಎದ್ದಾಗಿನಿಂದ ಮಲಗುವ ತನಕ ಒಂದೊಂದನ್ನೇ ಹೇಳು ಎಂದು ಕೂತೆ. ಸಗಣಿ ಬಾಚುವುದು, ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವುದು, ಪಾತ್ರೆಯನ್ನು ಪಾದದಲ್ಲಿ ಒತ್ತಿಹಿಡಿದು ಮುದ್ದೆ ತೊಳಸುವುದು, ಹುಲ್ಲುಹೊರೆ ಹೊತ್ತು ಬದು ದಾಟುವುದು. ಮೊದಮೊದಲು ನಗುತ್ತಿದ್ದ ದೊಡ್ಡಪ್ಪ ಆಮೇಲೆ ತಾವೇ ಬೆರಳು ಮಡಿಸಿ ಎಣಿಸತೊಡಗಿದರು. ಒಟ್ಟು ಹದಿನೇಳಾಯಿತು.

ಹದಿನೇಳನ್ನೂ ತುಂಬಿ ಗುಂಡಿ ಒತ್ತಿದೆ. ಕಂಪ್ಯೂಟರು ಬಹಳ ಹೊತ್ತು ತಿಣುಕಿ ನಿಂತಿತು. ಪರದೆಯ ಮೇಲಿನ ಕಾಲು ನಾನು ಮೊದಲು ಕೊಟ್ಟಷ್ಟೇ ದಪ್ಪ ಉಳಿದಿತ್ತು. ಎಲ್ಲೂ ಒಂದು ತೂತಿಲ್ಲ.

ದೊಡ್ಡಪ್ಪ ಬಗ್ಗಿ ನೋಡಿ, "ಕೆಟ್ಟೋಯ್ತೇನವ್ವ?" ಅಂದರು.

"ಇಲ್ಲ ದೊಡ್ಡಪ್ಪ. ದೊಡ್ಡವ್ವ ಏನೂ ಮಾಡ್ದೆ ಇರೋ ಜಾಗ ಹುಡುಕ್ತಿತ್ತು. ಸಿಗ್ಲಿಲ್ಲ."