ಸೊಸೆಯ ಪಾಲಿನ ಮಾತ್ರೆ

"ಇದ್ಯಾವ ಇಲಿ, ಬರೀ ಬಿಳಿ ಕಾಗದಾನೇ ಹುಡುಕಿ ಹುಡುಕಿ ತಿನ್ನುತ್ತಲ್ಲ?"

ತಕ್ಕಡಿಯಮ್ಮ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಗ ಅವರೊಬ್ಬರೇ ಇದ್ದರು. ಪುಸ್ತಕಗಳ ಅಂಚು ಕತ್ತರಿಸಿದಾಗ ಬೀಳುವ ಚೂರುಗಳನ್ನು ತುಂಬಿಡುವ ಚೀಲದ ಮುಂದೆ ನಿಂತಿದ್ದರು. ಅಚ್ಚಾದ ಚೂರುಗಳು ಇದ್ದ ಹಾಗೇ ಇದ್ದವು. ಬಣ್ಣದ ರಟ್ಟಿನ ಚೂರುಗಳಿಗೂ ಏನೂ ಆಗಿರಲಿಲ್ಲ. ಬಿಳಿ ಅಂಚು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಹಿಕ್ಕೆಯಿಲ್ಲ, ಕಚ್ಚಿದ ಗುರುತಿಲ್ಲ. ಬೋನು ಇಟ್ಟು ಮೂರು ದಿನವಾಗಿತ್ತು. ಒಳಗಿಟ್ಟ ಬ್ರೆಡ್ಡಿನ ಚೂರು ಒಣಗಿ ಕಲ್ಲಾಗಿತ್ತು. ಇಷ್ಟು ನಾಜೂಕಿನ ಇಲಿಯನ್ನು ತಾನು ಹುಟ್ಟಿದಾಗಿನಿಂದ ಕಂಡಿಲ್ಲ ಎಂದು ಅವರ ಯಜಮಾನರು ಆಗಲೇ ಎರಡು ಸಲ ತಮಾಷೆ ಮಾಡಿದ್ದರು.

ತಕ್ಕಡಿಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಆ ಮನೆಯಲ್ಲಿ ನಾಲ್ಕು ಜನ. ಯಜಮಾನರು ಅಂಟು ಕುದಿಸಿ ರಟ್ಟು ಹಚ್ಚುತ್ತಿದ್ದರು, ಮಗ ಕತ್ತರಿಸುತ್ತಿದ್ದ, ಸೊಸೆ ಸೂಜಿ ದಾರ ಹಿಡಿದು ಹೊಲಿಯುತ್ತಿದ್ದಳು. ಮಡಿಚಿದ ಹಾಳೆಗಳ ಕಟ್ಟುಗಳನ್ನು, ಅಂದರೆ ಫಾರಂಗಳನ್ನು, ಒಂದು ಎರಡು ಮೂರು ಎಂದು ಕ್ರಮವಾಗಿ ಜೋಡಿಸಿ, ಯಾವುದೂ ತಪ್ಪಿಲ್ಲವೆಂದು ನೋಡುವುದು ಅತ್ತೆ ತಕ್ಕಡಿಯಮ್ಮನ ಪಾಲಿನ ಕೆಲಸ. ಕೆಲಸದ ಮೇಜಿನ ಮೇಲೆ ಒಂದು ಬಾಳೆಹಣ್ಣು ಬಂದರೂ ಅದು ಅವರ ಕೈಯಲ್ಲಿ ತೂಗಿದಂತೆ ನಾಲ್ಕು ಸಮ ಹೋಳಾಗುತ್ತಿತ್ತು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಎಂಬುದು ಆ ಮನೆಯಲ್ಲಿ ಇರಲಿಲ್ಲ. ಹಂಚಿ ತಿನ್ನುವ ಮನೆಯನ್ನು ದೇವರು ಕೈಬಿಡುವುದಿಲ್ಲವೆಂದು ಅವರು ನಂಬಿ ಬಾಳಿದವರು.

ನಾಲ್ಕನೆಯ ದಿನ ಮಧ್ಯಾಹ್ನ ದಾರದ ಉಂಡೆ ತರಲು ಹೋದ ತಕ್ಕಡಿಯಮ್ಮನಿಗೆ ಇಲಿ ಸಿಕ್ಕಿತು. ಚೀಲದ ಮರೆಯಲ್ಲಿ ಸೊಸೆ ಕುಳಿತಿದ್ದಳು. ಏಳು ತಿಂಗಳ ಬಸುರಿ. ಮಡಿಲಲ್ಲಿ ಬಿಳಿ ಕಾಗದದ ಚೂರು. ಒಂದೊಂದನ್ನೇ ಸಣ್ಣಗೆ ಮಡಿಚಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದಳು.

ಅತ್ತೆಗೆ ಮೊದಲು ಬಂದದ್ದು ಸಿಟ್ಟು.

"ಮನೇಲಿ ಅನ್ನಕ್ಕೇನು ಬರ ಬಂತೇನಮ್ಮ?"

ಸೊಸೆ ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ತಲೆ ತಗ್ಗಿಸಿದಳು. "ಗೊತ್ತಿಲ್ಲ ಅತ್ತೆ. ಬೇಡ ಬೇಡ ಅಂದ್ರೂ ಕೈ ಅಲ್ಲಿಗೇ ಹೋಗುತ್ತೆ. ತಿನ್ನದೆ ಇದ್ರೆ ಸಮಾಧಾನಾನೇ ಇರಲ್ಲ."

ಕಿಟಕಿಯ ಬೆಳಕು ಅವಳ ಮುಖದ ಮೇಲಿತ್ತು. ತುಟಿಗೂ ಅವಳು ತಿನ್ನುತ್ತಿದ್ದ ಕಾಗದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಒಂದು ತಿಂಗಳಿಂದ ಅವಳು ಒಂದು ಪುಸ್ತಕ ಹೊಲಿಯುವಷ್ಟರಲ್ಲಿ ಎರಡು ಸಲ ಸೂಜಿ ಕೆಳಗಿಟ್ಟು ಉಸಿರೆಳೆದುಕೊಳ್ಳುತ್ತಿದ್ದುದು ತಕ್ಕಡಿಯಮ್ಮನಿಗೆ ನೆನಪಾಯಿತು. ಬಸುರಿಯ ಸೋಮಾರಿತನವೆಂದು ಅಂದುಕೊಂಡು ಅವರು ಸುಮ್ಮನಿದ್ದರು. ಈಗ ಸಿಟ್ಟು ಎಲ್ಲಿ ಹೋಯಿತೋ, ಎದೆಯೊಳಗೆ ತಣ್ಣಗಿನ ಭಯ ಹೊಕ್ಕಿತು.

ಮರುದಿನ ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ಆರೋಗ್ಯ ಕೇಂದ್ರದ ಬೆಂಚಿನ ಮೇಲಿದ್ದರು. ಅಲ್ಲಿಯ ನರ್ಸಮ್ಮ ಈ ಬೀದಿಯ ಅರ್ಧ ಮಕ್ಕಳಿಗೆ ಲಸಿಕೆ ಹಾಕಿದವರು, ಮಾತು ಕಡಿಮೆ. ಸೊಸೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು. ಕಾಗದ ತಿನ್ನುವ ಸಂಗತಿ ಕೇಳಿ ಅವರಿಗೆ ಆಶ್ಚರ್ಯವಾಗಲಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಕೆಲವರಿಗೆ ಮಣ್ಣು, ಕೆಲವರಿಗೆ ಬಳಪ, ಕೆಲವರಿಗೆ ಕಾಗದ ತಿನ್ನಬೇಕೆನ್ನಿಸುತ್ತದೆ, ಅದು ಹುಚ್ಚಲ್ಲ, ಕೆಟ್ಟ ಚಾಳಿಯೂ ಅಲ್ಲ, ಮೈ ಕೊಡುವ ಸೂಚನೆ ಎಂದರು. ಗರ್ಭಿಣಿಗೆ ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, ಹನ್ನೊಂದು ಗ್ರಾಂ ಆದರೂ ಇರಬೇಕು. ನಾಲ್ಕನೆಯ ತಿಂಗಳಲ್ಲಿ ಇವಳಿಗೆ ಹತ್ತು ಇತ್ತು, ದಿನಕ್ಕೊಂದರಂತೆ ನುಂಗಲು ಕಬ್ಬಿಣದ ಮಾತ್ರೆಗಳನ್ನು ಆಗಲೇ ಇಲ್ಲಿಂದ ಕೊಟ್ಟು ಕಳಿಸಿದ್ದರು. ಈಗ ಏಳೂವರೆಗೆ ಇಳಿದಿತ್ತು.

"ಮಾತ್ರೆ ದಿನಾ ತಗೊಂಡ್ಯೇನಮ್ಮ?" ಎಂದು ನರ್ಸಮ್ಮ ಕೇಳಿದರು.

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆಗೆ ಉತ್ತರ ಹೇಳುವುದರಲ್ಲಿ ಯಾವ ಅಳುಕೂ ಇರಲಿಲ್ಲ.

"ನಾನೇ ಕೈಯಾರೆ ಕೊಟ್ಟಿದೀನಿ. ಒಂದು ದಿನ ಇವಳಿಗೆ, ಮಾರನೇ ದಿನ ಯಜಮಾನ್ರಿಗೆ, ಆಮೇಲೆ ಮಗನಿಗೆ, ಆಮೇಲೆ ನಂಗೆ. ರಕ್ತ ಯಾರಿಗೆ ಬೇಡ ಹೇಳಿ? ಸಾಯಂಕಾಲ ಟೀ ಜೊತೆಗೆ ಕೊಡ್ತೀನಿ, ಮರೆಯೋ ಮಾತೇ ಇಲ್ಲ."

ನರ್ಸಮ್ಮ ಪೆನ್ನು ಕೆಳಗಿಟ್ಟರು. ನಾಲ್ಕು ದಿನಕ್ಕೊಂದು ಮಾತ್ರೆ, ಅದೂ ಟೀ ಜೊತೆಗೆ. ಟೀ, ಕಾಫಿ, ಹಾಲು ಮಾತ್ರೆಯ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಹಾಗಾಗಿ ಆ ನಾಲ್ಕನೆಯ ದಿನದ ಮಾತ್ರೆಯೂ ಸೊಸೆಗೆ ಪೂರ್ತಿ ದಕ್ಕಿರಲಿಲ್ಲ. ಇದನ್ನೆಲ್ಲ ಅವರು ದನಿ ಏರಿಸದೆ ಹೇಳಿದರು. ತಕ್ಕಡಿಯಮ್ಮ ಸುಲಭಕ್ಕೆ ಒಪ್ಪುವವರಲ್ಲ.

"ಒಬ್ಬಳಿಗೆ ಕೊಟ್ಟು ಉಳಿದವರು ಬಾಯಿ ನೋಡ್ಕೊಂಡು ಕೂರೋ ಪದ್ಧತಿ ನಮ್ಮಲ್ಲಿಲ್ಲ ನರ್ಸಮ್ಮ. ನಮ್ಮಮ್ಮ ಆರು ಹೆತ್ತಳು. ಒಂದು ಮಾತ್ರೆ ಕಂಡವಳಲ್ಲ."

"ಆರರಲ್ಲಿ ಎಷ್ಟು ಉಳಿದ್ವು?"

ತಕ್ಕಡಿಯಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಮೂರು," ಎಂದರು. "ಆರನೇದರ ಜೊತೆ ಅಮ್ಮಾನೂ ಹೋದ್ಳು. ರಕ್ತ ನಿಲ್ಲಲಿಲ್ಲ."

"ಅವರಿಗೆ ಏನಾಗಿತ್ತೋ ನಾನು ಹೇಳಲಾರೆ. ಆದ್ರೆ ರಕ್ತ ಕಮ್ಮಿ ಇರೋ ಮೈ ಹೆರಿಗೇಲಿ ಸ್ವಲ್ಪ ರಕ್ತ ಹೋದ್ರೂ ತಡ್ಕೊಳ್ಳಲ್ಲ. ನಿಮ್ಮ ಸೊಸೆಗೆ ಇನ್ನು ಎರಡೇ ತಿಂಗಳು ಇರೋದು." ನರ್ಸಮ್ಮ ಬೇರೆಯೇ ಮಾತು ಕೇಳಿದರು. "ಫಾರಂ ಜೋಡಿಸೋರು ನೀವೇ ಅಲ್ವಾ? ಒಂದು ಪುಸ್ತಕದಲ್ಲಿ ಐದನೇ ಫಾರಂ ಇಲ್ಲ. ಇನ್ನೊಂದ್ರಲ್ಲಿ ಒಂಬತ್ತನೇದಿಲ್ಲ. ಮತ್ತೊಂದ್ರಲ್ಲಿ ಎಲ್ಲಾ ಸರಿ ಇದೆ. ನಿಮ್ಮ ಕೈಲಿರೋದು ಒಂದೇ ಒಂದು ಐದನೇ ಫಾರಂ. ಅದನ್ನ ಹರಿದು ಎಲ್ಲಾ ಪುಸ್ತಕಕ್ಕೂ ಸಮ ಹಂಚ್ತೀರಾ?"

ತಕ್ಕಡಿಯಮ್ಮ ಮೂವತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅದು. ಯಾವ ಪುಸ್ತಕದಲ್ಲಿ ಯಾವುದು ಇಲ್ಲ ಎಂದು ನೋಡದೆ ಕೈಗೆ ಸಿಕ್ಕಿದ್ದನ್ನು ತುರುಕಿದರೆ ಪುಸ್ತಕ ದಪ್ಪವಾದೀತು, ಓದಲು ಬರುವುದಿಲ್ಲ. ಅವರು ಇಲ್ಲವೆಂದು ನಿಧಾನವಾಗಿ ತಲೆಯಾಡಿಸಿದರು. ಸೊಸೆಯ ಕಡೆ ನೋಡಲು ಅವರಿಗೆ ಆಗಲಿಲ್ಲ.

ಆಮೇಲೆ ನರ್ಸಮ್ಮ ಹೇಳಿದ್ದನ್ನು ಅವರು ಹರಿಕಥೆ ಕೇಳುವವರ ಹಾಗೆ ಮೈಯೆಲ್ಲ ಕಿವಿಯಾಗಿ ಕೇಳಿದರು. ದೇವರು ಕೊಟ್ಟ ಈ ದೇಹಕ್ಕೆ ವಿಟಮಿನ್ನು, ಖನಿಜ ಬೇಕಾಗುವುದು ಚಿಟಿಕೆಯಷ್ಟೇ. ಆದರೆ ರಕ್ತಕ್ಕೆ ಬೇಕಾದದ್ದು ಮೂಳೆಗೆ ಸಾಲದು, ಮೂಳೆಗೆ ಬೇಕಾದದ್ದು ನರಕ್ಕೆ ಒದಗದು, ನರಕ್ಕೆ ಬೇಕಾದದ್ದು ಕಣ್ಣನ್ನು ಕಾಯದು. ಸೊಪ್ಪು, ಬೇಳೆಕಾಳು, ತರಕಾರಿ, ಹಣ್ಣು, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ, ಹೀಗೆ ಬಗೆಬಗೆಯಾಗಿ ಉಂಡರೆ ಹೆಚ್ಚಿನವರಿಗೆ ಬೇಕಾದದ್ದು ತಟ್ಟೆಯಲ್ಲೇ ಸಿಗುತ್ತದೆ. ತಟ್ಟೆಯಲ್ಲಿ ಸಿಕ್ಕಿದ್ದು ಸಾಲದೆ ಬರುವ ಕಾಲವೂ ಉಂಟು. ಬಸುರಿಗೆ ಇಬ್ಬರ ರಕ್ತ ಬೇಕು, ಬಾಣಂತಿಗೆ ಹೋದದ್ದು ತುಂಬಿಬರಬೇಕು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರು, ಬೆಳೆಯುವ ಕೂಸುಗಳು, ಉಂಡದ್ದು ಮೈಗೆ ಹತ್ತದ ವಯಸ್ಸಾದವರು, ಪ್ರಾಣಿಮೂಲದ ಆಹಾರ ಏನೂ ಮುಟ್ಟದವರು, ಇಂಥವರಿಗೆ ಮಾತ್ರೆಯೋ ಹನಿಯೋ ಚುಚ್ಚುಮದ್ದೋ ಬೇಕಾಗಬಹುದು. ಯಾವುದು, ಎಷ್ಟು, ಎಷ್ಟು ದಿನ ಎಂದು ಪರೀಕ್ಷೆ ಮಾಡಿದವರು ಹೇಳಬೇಕು.

"ಬೇಡದವ್ರು ತಗೊಂಡ್ರೆ ಏನಾಗುತ್ತೆ? ಮೂತ್ರದಲ್ಲಿ ಹೋಗುತ್ತೆ ಅಷ್ಟೇ ತಾನೆ?" ಎಂದು ತಕ್ಕಡಿಯಮ್ಮ ಕೊನೆಯ ಅನುಮಾನ ಎತ್ತಿದರು.

ಕೆಲವು ಹೋಗುತ್ತವೆ, ಕೆಲವು ಮೈಯಲ್ಲೇ ಕೂತುಬಿಡುತ್ತವೆ ಎಂದರು ನರ್ಸಮ್ಮ. ಎ ಮತ್ತು ಡಿ ವಿಟಮಿನ್ ಅಳತೆ ಮೀರಿದರೆ ವಿಷವಾಗುತ್ತವೆ. ಕಬ್ಬಿಣದ ಮಾತ್ರೆಯನ್ನು ಸಣ್ಣ ಮಕ್ಕಳು ಮಿಠಾಯಿಯೆಂದು ನಾಲ್ಕಾರು ನುಂಗಿದರೆ ಜೀವಕ್ಕೇ ಅಪಾಯ, ಅದನ್ನು ಯಾವಾಗಲೂ ಎತ್ತರದಲ್ಲಿ, ಮುಚ್ಚಿಡಬೇಕು.

ಸೊಸೆಯನ್ನು ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿದರು. ದಿನ ಹತ್ತಿರವಿದ್ದುದರಿಂದ ಕಬ್ಬಿಣದ ಅಂಶವನ್ನು ನೇರ ರಕ್ತನಾಳಕ್ಕೇ ಹನಿಹನಿಯಾಗಿ ಕೊಟ್ಟರು. ತಕ್ಕಡಿಯಮ್ಮ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಾಟಲಿಯಿಂದ ಇಳಿಯುವ ಪ್ರತಿ ಹನಿಗೂ ಒಂದು ಸಲ ದೇವರ ಹೆಸರು ಹೇಳಿಕೊಂಡರು. ಬಾಟಲಿ ಅರ್ಧ ಖಾಲಿಯಾದ ಮೇಲೆ ಮೆಲ್ಲಗೆ, "ನೀನಾದ್ರೂ ಒಂದು ಮಾತು ಹೇಳಬಾರದಿತ್ತೇನೇ?" ಎಂದರು.

"ನೀವು ಎಲ್ಲರಿಗೂ ಸಮ ಕೊಡ್ತಿದ್ರಿ ಅತ್ತೆ. ನಂಗೊಬ್ಬಳಿಗೇ ಬೇಕು ಅನ್ನೋಕೆ ಬಾಯಿ ಬರಲಿಲ್ಲ."

ಆ ಮಾತು ಅವರನ್ನು ಕುಟುಕಿದಷ್ಟು ನರ್ಸಮ್ಮನ ಮಾತೂ ಕುಟುಕಿರಲಿಲ್ಲ.

ಅದೇ ವಾರ ಉಳಿದ ಮೂವರೂ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ಯಜಮಾನರಿಗೆ ಒಂದು ವರ್ಷದಿಂದ ಪಾದ ಜೋಮು ಹಿಡಿದು, ಚಪ್ಪಲಿ ಕಳಚಿದ್ದೂ ತಿಳಿಯುತ್ತಿರಲಿಲ್ಲ. ಮೊಟ್ಟೆ ಮಾಂಸ ಬಿಟ್ಟು ವರ್ಷಗಳಾಗಿದ್ದವು, ಹಾಲೂ ಸೇರುತ್ತಿರಲಿಲ್ಲ. ಅವರಿಗೆ ಕಡಿಮೆಯಿದ್ದದ್ದು ಬಿ ಹನ್ನೆರಡು. ಸೊಸೆಯ ಮಾತ್ರೆಯನ್ನು ಇನ್ನು ಹತ್ತು ವರ್ಷ ನುಂಗಿದ್ದರೂ ಆ ಜೋಮು ಇಳಿಯುತ್ತಿರಲಿಲ್ಲ, ಚುಚ್ಚುಮದ್ದು ಬೇಕಾಯಿತು. ಬಿಸಿಲು ಕಾಣದ ಕೋಣೆಯಲ್ಲೇ ಕಾಲ ಕಳೆದ ತಕ್ಕಡಿಯಮ್ಮನಿಗೆ ಡಿ ವಿಟಮಿನ್ ಕಡಿಮೆ. ವಾರಕ್ಕೊಂದು ಮಾತ್ರೆಯಂತೆ ಎಂಟು ವಾರ, ಆಮೇಲೆ ಮತ್ತೆ ಪರೀಕ್ಷೆ. ಮಗನಿಗೆ ಯಾವುದೂ ಕಡಿಮೆಯಿರಲಿಲ್ಲ. ಬೆಳಗ್ಗೆ ಬರೀ ಟೀ ಕುಡಿದು ಓಡಬೇಡ, ಕೂತು ಉಣ್ಣು ಎಂದಷ್ಟೇ ಹೇಳಿ ಕಳಿಸಿದರು. ತನಗೊಂದೂ ಮಾತ್ರೆ ಸಿಗಲಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಬೇಸರವೇ ಆಯಿತು.

ಸೊಸೆಗೆ ಡಾಕ್ಟರು ಹೇಳಿದಂದಿನಿಂದ ದಿನವೂ ಊಟವಾದ ಒಂದು ಗಂಟೆಯ ಮೇಲೆ, ಅತ್ತೆಯೇ ಹಿಂಡಿಕೊಟ್ಟ ನಿಂಬೆಹಣ್ಣಿನ ನೀರಿನ ಜೊತೆ ಕಬ್ಬಿಣದ ಮಾತ್ರೆ. ಸುಣ್ಣದ ಅಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯೂ ಕಬ್ಬಿಣಕ್ಕೆ ಅಡ್ಡಬರುವುದರಿಂದ ಅದಕ್ಕೆ ಬೇರೆ ಹೊತ್ತು. ಮಲ ಕಪ್ಪಾಯಿತೆಂದು ಅವಳು ಹೆದರಿದಾಗ, ಮಾತ್ರೆಯಿಂದ ಹಾಗಾಗುವುದು ಸಹಜವೆಂದು ಧೈರ್ಯ ಹೇಳಿದವರೂ ಅತ್ತೆಯೇ. ಕಾಗದದ ಆಸೆ ತಾನಾಗಿ ಬಿಟ್ಟುಹೋಯಿತು.

ಹೆರಿಗೆಯಲ್ಲಿ ರಕ್ತ ಹೆಚ್ಚೇ ಹೋಯಿತು. ಹೊರಗಿನ ಬೆಂಚಿನ ಮೇಲೆ ತಕ್ಕಡಿಯಮ್ಮ ತಮ್ಮ ತಾಯಿಯನ್ನು ನೆನೆದು ಕಲ್ಲಿನಂತೆ ಕುಳಿತಿದ್ದರು. ಡಾಕ್ಟರು ಬಂದು, ರಕ್ತ ನಿಂತಿತೆಂದೂ ಎರಡು ತಿಂಗಳ ಹಿಂದಿನ ಸ್ಥಿತಿಯಲ್ಲಿ ಬಂದಿದ್ದರೆ ತಾಯಿಯನ್ನು ಉಳಿಸಿಕೊಳ್ಳುವುದು ಕಷ್ಟವಿತ್ತೆಂದೂ ಹೇಳಿದರು. ಒಳಗೆ ಹೆಣ್ಣು ಕೂಸು ಅಳುತ್ತಿತ್ತು. ತಾಯಿ ಕಣ್ಣು ಬಿಟ್ಟಿದ್ದಳು.

ಇದನ್ನು ಓದುತ್ತಿರುವ ತಾಯಂದಿರೇ, ಕೇಳುತ್ತಿರುವ ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಬಸುರಿಯ ಮಾತ್ರೆ ಯಾರ್ಯಾರ ಬಾಯಿಗೋ ಹೋಗುತ್ತಿದೆಯೇ, ಇವತ್ತೇ ನೋಡಿ. ಅಕ್ಕರೆಯಿಂದ ಹಂಚಿದರೂ ಅದು ಅವಳ ಜೀವದಿಂದ ಕಿತ್ತದ್ದೇ. ಸುಸ್ತು, ತಲೆಸುತ್ತು, ಜೋಮು, ಮಣ್ಣು ಕಾಗದ ತಿನ್ನುವ ಆಸೆ ಕಂಡರೆ ಮುಚ್ಚಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ಕಂಡದ್ದನ್ನು, ಪಕ್ಕದವರು ಕೊಟ್ಟದ್ದನ್ನು ನುಂಗಬೇಡಿ. ಪ್ರೀತಿಯವರು ಕೇಳಿದಾಗ ಇಲ್ಲವೆನ್ನುವುದು ಕಷ್ಟ. ತಕ್ಕಡಿಯಮ್ಮನಿಗೂ ಕಷ್ಟವೇ ಆಯಿತು.

ಕೂಸಿಗೆ ಮೂರು ತಿಂಗಳಾಗಿದ್ದಾಗ ಅವರ ಒಡಹುಟ್ಟಿದ ತಂಗಿ ಬಂದಳು. ಹಾಸ್ಟೆಲಿನ ಅಡುಗೆಮನೆಯಲ್ಲಿ ನಿಂತು ನಿಂತು ತಲೆ ಸುತ್ತುತ್ತದೆಂದು ಹೇಳಿಕೊಂಡಳು. ಬಾಣಂತಿಗೆ ಕೊಟ್ಟಿದ್ದ ಕಬ್ಬಿಣದ ಮಾತ್ರೆಗಳ ಸ್ಟ್ರಿಪ್ ಮೇಲಿನ ಕಪಾಟಿನಲ್ಲಿತ್ತು. ಅದರ ಮೇಲೆ ಅವಳ ಕಣ್ಣು ಬಿತ್ತು.

"ಅಕ್ಕಾ, ಅದ್ರಲ್ಲಿ ಒಂದು ಹತ್ತು ಕೊಡೆ. ನಿನ್ನ ಕೈಯಿಂದ ಇಲ್ಲ ಅಂತ ಯಾವತ್ತೂ ಬಂದಿಲ್ಲ."

ತಕ್ಕಡಿಯಮ್ಮ ತಂಗಿಯ ಕೆಳರೆಪ್ಪೆ ಎಳೆದು ನೋಡಿದರು. ಅವಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

"ನಾಳೆ ಬೆಳಗ್ಗೆ ನಾನೇ ಕರ್ಕೊಂಡು ಹೋಗ್ತೀನಿ, ರಕ್ತ ಪರೀಕ್ಷೆ ಮಾಡಿಸೋಣ. ಇದು ಅವಳದ್ದು ಕಣೆ. ಒಂದೂ ಕೊಡಲ್ಲ."